ಘಾಟಿಯಲ್ಲಿ ಹೋದ ಬ್ರೇಕ್ ಒಂದು ಗಂಟೆಯಲ್ಲಿ ವಾಪಸ್ ಬಂತು

ಚಾರ್ಮಾಡಿ ಘಾಟಿಯಲ್ಲಿ ನಮ್ಮ ಕಾರಿನ ಬ್ರೇಕ್ ಹೋಯಿತು. ಒಂದು ಗಂಟೆ ಕಳೆದ ಮೇಲೆ ತಾನಾಗಿಯೇ ಸರಿಯಾಯಿತು. ಹೋಗಿದ್ದಕ್ಕಿಂತ ಸರಿಯಾಗಿದ್ದೇ ನನಗೆ ಜಾಸ್ತಿ ಭಯ ಹುಟ್ಟಿಸಿತು.

ಮಳೆಗಾಲದ ಕೊನೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಧರ್ಮಸ್ಥಳದ ಕಡೆ ಇಳಿಯುತ್ತಿದ್ದೆವು. 16 ವರ್ಷದ ಹಳೇ ಕಾರು, ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು. ನಾನು ನಾಲ್ಕನೇ ಗೇರಿನಲ್ಲೇ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ. ದಾರಿ ಪಕ್ಕ ಸಣ್ಣ ಜಲಪಾತ ಕಂಡಿತು, ಮಕ್ಕಳು ಹಟ ಮಾಡಿದರು, ನಿಲ್ಲಿಸಿದೆವು. ಮುಂದಿನ ಚಕ್ರದ ಕಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಘಾಟಿ ಅಂದಮೇಲೆ ಇದ್ದದ್ದೇ ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು ಹೊರಟರೆ, ಮೊದಲ ತಿರುವಿನಲ್ಲೇ ಪೆಡಲ್ ನೆಲದವರೆಗೆ ಇಳಿದುಬಿಟ್ಟಿತು. ದೋಸೆ ಹಿಟ್ಟಿನೊಳಗೆ ಸೌಟು ಇಳಿದ ಹಾಗೆ.

ಪಟಪಟ ಅಂತ ಒತ್ತಿದೆ. ನಾಲ್ಕನೇ ಸಲ ಕಾಲಿಗೆ ಸ್ವಲ್ಪ ಹಿಡಿತ ಸಿಕ್ಕಿತು. ಮೂರನೇ ಗೇರು, ಎರಡನೇ ಗೇರು, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಮೇಲೆ. ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ.

ಒಂದು ಗಂಟೆ ಕಾದು ಮತ್ತೆ ಒತ್ತಿ ನೋಡಿದರೆ ಪೆಡಲ್ ಗಟ್ಟಿಯಾಗಿತ್ತು! ಮೊದಲನೇ ಗೇರಿನಲ್ಲಿ ತೆವಳುತ್ತಾ ಕೆಳಗೆ ಬಂದು ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಎಲ್ಲೂ ಲೀಕ್ ಇಲ್ಲ, ಪ್ಯಾಡ್ ಸವೆದಿಲ್ಲ. ‘ಬ್ರೇಕ್ ಚೆನ್ನಾಗೇ ಇದೆ ಸಾರ್’ ಅಂದ. ಅವನು ಕಂಡಿದ್ದನ್ನೇ ಹೇಳಿದ. ತಪ್ಪು ಮಾಡಿದ್ದು ಅಷ್ಟೊತ್ತಿಗೆ ಅಲ್ಲಿ ಇರಲೇ ಇಲ್ಲ. ಅದು ಹಬೆ.

ಬ್ರೇಕ್ ಪೆಡಲಿನಿಂದ ಚಕ್ರದವರೆಗೆ ನಿಮ್ಮ ಕಾಲಿನ ಬಲವನ್ನು ಒಯ್ಯುವುದು ಸಣ್ಣ ಕೊಳವೆಯಲ್ಲಿರುವ ದ್ರವ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಅನ್ನಬಹುದು. ಈ ತುದಿಯಲ್ಲಿ ಕೊಟ್ಟ ಒತ್ತಡ ಆ ತುದಿಯಲ್ಲೂ ಸಿಗುತ್ತದೆ. ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮ ಇದೇ. ಆದರೆ ಕೊಳವೆಯೊಳಗೆ ಗಾಳಿಯೋ ಹಬೆಯೋ ಸೇರಿತು ಅನ್ನಿ. ಅದು ಸ್ಪಂಜಿನ ಹಾಗೆ ಕುಗ್ಗುತ್ತದೆ. ಕಾಲು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ, ಚಕ್ರಕ್ಕೆ ತಲುಪುವುದೇ ಇಲ್ಲ.

ಹಬೆ ಬಂದಿದ್ದು ಎಲ್ಲಿಂದ? ನಾವೆಲ್ಲ ಬ್ರೇಕ್ ಆಯಿಲ್ ಅಂತೀವಿ, ನಿಜಕ್ಕೂ ಅದು ಎಣ್ಣೆಯೇ ಅಲ್ಲ. ಸಾಮಾನ್ಯ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. (ಅದಕ್ಕೇ ಅದರ ಜಾಗಕ್ಕೆ ಎಂಜಿನ್ ಆಯಿಲ್ ಹಾಕಬಾರದು. ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಂಡು ಕೆಡುತ್ತವೆ.) ಈ ದ್ರವ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಮುಚ್ಚಳದ ಸಂದಿಯಿಂದ, ರಬ್ಬರ್ ಹೋಸ್‌ಗಳ ಮೂಲಕ ವರ್ಷಗಟ್ಟಲೆ ನೀರು ಒಳಗೆ ಸೇರುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ದರ್ಜೆ ಬರೆದಿರುತ್ತದೆ. ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೂರಕ್ಕೆ ನಾಲ್ಕು ಪಾಲಿಗಿಂತ ಸ್ವಲ್ಪ ಕಡಿಮೆ ನೀರು ಸೇರಿದರೂ ಆ ಅಂಕಿ 140ರ ಹತ್ತಿರಕ್ಕೆ ಇಳಿಯಬಹುದು. ಡಾಟ್ 4 ಆದರೆ 230 ಇದ್ದದ್ದು 155ರ ಆಸುಪಾಸಿಗೆ. ನನ್ನ ಕಾರಿನ ದ್ರವವನ್ನು ಎಷ್ಟು ವರ್ಷದಿಂದ ಬದಲಿಸಿರಲಿಲ್ಲವೋ! ಲೆವೆಲ್ ನೋಡುತ್ತಿದ್ದೆ, ಕಡಿಮೆಯಾದರೆ ತುಂಬುತ್ತಿದ್ದೆ, ಅಷ್ಟೇ.

ಇನ್ನು ಬಿಸಿ. ಸಾವಿರ ಕಿಲೋ ತೂಕದ ಕಾರು ಅರ್ಧ ಕಿಲೋಮೀಟರ್ ಎತ್ತರದಿಂದ ಇಳಿಯುವಾಗ ಬಿಡುವ ಶಕ್ತಿ ಸುಮಾರು 49 ಲಕ್ಷ ಜೂಲ್. ಒಂದು ಬಕೆಟ್ ತಣ್ಣೀರನ್ನು, ಅಂದರೆ ಸುಮಾರು 15 ಲೀಟರನ್ನು, ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಎರಡನೇ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತದೆ. ನಾನು ನಾಲ್ಕನೇ ಗೇರಿನಲ್ಲಿ ಬಂದು ಹೆಚ್ಚಿನದನ್ನೆಲ್ಲ ಬ್ರೇಕ್ ಡಿಸ್ಕುಗಳ, ಅಂದರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ತಟ್ಟೆಗಳ ತಲೆಗೆ ಕಟ್ಟಿದ್ದೆ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವವರೂ ಇದ್ದಾರೆ. ಫ್ಯೂಯಲ್ ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ನೆ ತಿರುಗಲಿಕ್ಕೂ ಪೆಟ್ರೋಲ್ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಜಲಪಾತದ ಹತ್ತಿರ ನಿಲ್ಲಿಸಿದ್ದು ಸರಿಯಾದ ಕೆಲಸ ಅಂತಲೇ ನಾನು ತಿಳಿದಿದ್ದೆ. ಬ್ರೇಕ್ ತಣ್ಣಗಾಗುತ್ತೆ ಅಲ್ವಾ? ಕೊನೆಗೆ ಆಗುತ್ತದೆ, ನಿಜ. ಆದರೆ ಓಡುವಾಗ ಡಿಸ್ಕಿಗೆ ಗಾಳಿ ಬಡಿಯುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಅದು ನಿಂತುಹೋಗುತ್ತದೆ. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಅದರ ಹಿಂದಿನ ಪಿಸ್ಟನ್‌ಗೆ, ಅಲ್ಲಿಂದ ದ್ರವಕ್ಕೆ ಏರುತ್ತದೆ. ಮೊದಲ ಕೆಲವು ನಿಮಿಷ ದ್ರವ ಇನ್ನಷ್ಟು ಕಾಯುತ್ತದೆ. ನಾವು ಫೋಟೋ ತೆಗೆಯುತ್ತಿದ್ದಾಗ ಚಕ್ರದ ಒಳಗೆ ಕುದಿ ಬಂದಿತ್ತು. ಗಂಟೆ ಕಳೆದು ಆರಿದಾಗ ಹಬೆ ಮತ್ತೆ ನೀರಾಯಿತು, ಪೆಡಲ್ ಗಟ್ಟಿಯಾಯಿತು.

ಹಳೇ ಕಾರಿನ ಪೆಡಲ್ ಸುಮಾರು ಸಂಗತಿ ಹೇಳುತ್ತದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ, ದ್ರವವನ್ನು ಕೊಳವೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿದೆ. ಯಾವಾಗಲೂ ಮೆತ್ತಗಿದ್ದರೆ ಏರ್ ಹಿಡಿದಿದೆ. ಕಲ್ಲಿನಂತೆ ಗಟ್ಟಿಯಾದರೆ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ನೋಡಿಸಬೇಕು. ಪೆಡಲ್ ಗಟ್ಟಿಯಾಗೇ ಇದ್ದು, ಘಾಟಿಯಲ್ಲಿ ಕಾರು ಮಾತ್ರ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಅತಿಯಾಗಿ ಕಾದಿದೆ.

ಬ್ರೇಕ್ ಹೋದಾಗ ಎಂಜಿನ್ ಆಫ್ ಮಾಡಬೇಡಿ, ಇದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ಬೂಸ್ಟರಿನ ನೆರವು ಎರಡು ಮೂರು ಸಲ ಒತ್ತುವುದರೊಳಗೆ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಕೀಲಿ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದರೆ ಸ್ಟೀರಿಂಗ್ ಲಾಕ್ ಆಗಿಬಿಡಬಹುದು. ಹಳೇ ಕಾರುಗಳ ಹ್ಯಾಂಡ್ ಬ್ರೇಕ್ ತಂತಿಯಿಂದ ಎಳೆಯುವಂಥದ್ದು, ಅದಕ್ಕೆ ದ್ರವ ಬೇಡ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ, ಸ್ವಲ್ಪ ಸ್ವಲ್ಪವೇ ಎಳೆಯಬೇಕು.

ಊರಿಗೆ ಬಂದ ಮರುದಿನವೇ ದ್ರವ ಬದಲಿಸಿದೆವು. ಎರಡು ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ. ಮಗಳು ಡ್ರೈವರ್ ಸೀಟಿನಲ್ಲಿ, ಮೆಕ್ಯಾನಿಕ್ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ. ‘ಒತ್ತು... ಹಿಡ್ಕೋ... ಬಿಡು.’ ಪಾರದರ್ಶಕ ಪೈಪಿನಲ್ಲಿ ಮೊದಲು ಕಾಫಿ ಡಿಕಾಕ್ಷನ್ನಿನಂಥ ಕಪ್ಪು ನೀರು ಬಂತು. ಆಮೇಲೆ ತಿಳಿ ಕಂದು. ನಾಲ್ಕನೇ ಚಕ್ರ ಮುಗಿಯುವ ಹೊತ್ತಿಗೆ ತೆಳು ಜೇನಿನ ಬಣ್ಣ. ಮಗಳು ಇನ್ನೊಮ್ಮೆ ಒತ್ತಿ, ‘ಅಪ್ಪಾ, ಈಗ ಕಾಲಿಗೆ ಸಿಗ್ತಾ ಇದೆ’ ಅಂದಳು.