‘ಮತ್ತಿನ ಇಂಜೆಕ್ಷನ್ ಬೇಡ ಡಾಕ್ಟ್ರೇ, ನಾವೇ ಹಿಡ್ಕೋತೀವಿ’

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಹದಿನಾಲ್ಕು ತಿಂಗಳು. ಏಳುವಾಗ ಕಷ್ಟಪಡುತ್ತಾನೆ, ಓಡುವಾಗ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಕುಪ್ಪಳಿಸುತ್ತಾನೆ. ಸೊಂಟದ ಎಕ್ಸ್‌ರೇ ಮಾಡಿಸಿ, ಮತ್ತಿನ ಇಂಜೆಕ್ಷನ್ ಕೊಟ್ಟೇ ತೆಗೀಬೇಕು ಅಂದರು ಡಾಕ್ಟರು. ತುಂಬ ಪಾಪದ ನಾಯಿ ಸಾರ್. ನಾವೇ ಹಿಡ್ಕೊಂಡರೆ ಸಾಲದೇ?

ಉತ್ತರ: ಸಾಲದು. ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ನಿಮ್ಮ ನಾಯಿ ಪಾಪದ್ದೇ ಇರಬಹುದು, ಅದರ ಸ್ನಾಯುಗಳಿಗೆ ಅದು ಗೊತ್ತಿಲ್ಲ. ತೊಡೆಮೂಳೆಯ ಗುಂಡು ಸೊಂಟದ ಗುಣಿಯಲ್ಲಿ, ಒರಳೊಳಗೆ ಗುಂಡುಕಲ್ಲು ಕೂತ ಹಾಗೆ ಕೂತಿರಬೇಕು. ಇಂಥ ಲಕ್ಷಣ ಕಂಡಾಗ ನಾವು ಅನುಮಾನಿಸುವ ಹಿಪ್ ಡಿಸ್‌ಪ್ಲೇಸಿಯಾದಲ್ಲಿ ಆ ಕೂರುವಿಕೆ ಸಡಿಲವಾಗಿರುತ್ತದೆ. ನಾವು ಎಕ್ಸ್‌ರೇಯಲ್ಲಿ ಹುಡುಕುವುದು ಮುಖ್ಯವಾಗಿ ಆ ಸಡಿಲವನ್ನೇ. ಎಚ್ಚರವಿರುವ ನಾಯಿಯನ್ನು ಅಂಗಾತ ಮಲಗಿಸಿ ಹಿಂಗಾಲು ಎಳೆದರೆ ಅದು ತೊಡೆಯನ್ನು ಬಿಗಿ ಹಿಡಿಯುತ್ತದೆ. ಬಿಗಿದ ಸ್ನಾಯು ಗುಂಡನ್ನು ಗುಣಿಯೊಳಕ್ಕೆ ಒತ್ತಿ ನಿಲ್ಲಿಸುತ್ತದೆ. ಫಿಲ್ಮಿನಲ್ಲಿ ಸಡಿಲವಾದ ಕೀಲೂ ಚೆನ್ನಾಗಿರುವ ಹಾಗೆ ಕಾಣುತ್ತದೆ. ನೀವು ನೆಮ್ಮದಿಯಾಗಿ ಮನೆಗೆ ಹೋಗುತ್ತೀರಿ, ಒಳಗೆ ಸವೆತ ನಡೆದೇ ಇರುತ್ತದೆ.

ಇನ್ನು ಮಲಗಿಸುವ ರೀತಿ. ಎರಡೂ ತೊಡೆಮೂಳೆ ಸಮಾನಾಂತರವಾಗಿರಬೇಕು, ಮಂಡಿಗಳನ್ನು ಒಳಕ್ಕೆ ತಿರುಗಿಸಿ ಮಂಡಿಚಿಪ್ಪು ಮೂಳೆಯ ನಡುವೆ ಬರುವಂತೆ ಇಡಬೇಕು, ಸೊಂಟ ಒಂದಿಷ್ಟೂ ವಾಲಬಾರದು. ಫಿಲ್ಮ್ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಸೊಂಟದ ಮೂಳೆಯ ಕೆಳಭಾಗದ ಎರಡು ದೊಡ್ಡ ತೂತುಗಳಿಗೆ. ಅವೆರಡೂ ಒಂದೇ ಅಳತೆಯಲ್ಲಿ ಕಾಣಬೇಕು. ಒಂದು ಕಿರಿದಾಗಿದ್ದರೆ ಸೊಂಟ ವಾಲಿದೆ ಎಂದೇ ಅರ್ಥ. ವಾಲಿದ ಸೊಂಟದಲ್ಲಿ ಒಂದು ಗುಣಿ ಆಳವಾಗಿಯೂ ಇನ್ನೊಂದು ಆಳವಿಲ್ಲದಂತೆಯೂ ಕಾಣುತ್ತದೆ. ಅಂಥ ಫಿಲ್ಮ್ ನೋಡಿ ‘ಎಡಗಾಲಿಗೆ ಮಾತ್ರ ತೊಂದರೆ’ ಎಂದು ಬರೆದ ವರದಿ ಹಿಡಿದುಕೊಂಡು ಬರುವವರಿದ್ದಾರೆ. ಒದ್ದಾಡುವ ನಾಯಿಯಲ್ಲಿ ಇದೆಲ್ಲ ಸರಿಯಾಗಿ ಬರುವುದಾದರೂ ಹೇಗೆ?

‘ಅಮೆರಿಕದಲ್ಲಿ ಎಚ್ಚರದಲ್ಲೇ ತೆಗೀತಾರಂತೆ’ ಎನ್ನುವವರಿಗೂ ಒಂದು ಮಾತು. ನಾಯಿಗಳ ಸೊಂಟದ ಎಕ್ಸ್‌ರೇ ನೋಡಿ ಪ್ರಮಾಣಪತ್ರ ಕೊಡುವ, 1966ರಲ್ಲಿ ಶುರುವಾದ ಅಲ್ಲಿನ ಓಎಫ್‌ಎ ಸಂಸ್ಥೆ ಮತ್ತನ್ನು ಕಡ್ಡಾಯ ಮಾಡಿಲ್ಲ, ನಿಜ. ಆದರೆ ಕೊಟ್ಟೇ ತೆಗೆಯುವುದು ಒಳ್ಳೆಯದು ಎಂದು ಅದೇ ಹೇಳುತ್ತದೆ. ಕೀಲಿನ ಸಡಿಲವನ್ನು ಅಳೆದು ಅಂಕಿಯಲ್ಲಿ ಹೇಳುವ ಪೆನ್‌ಹಿಪ್ ವಿಧಾನದಲ್ಲಂತೂ ಮತ್ತಿಲ್ಲದೆ ಕೆಲಸವೇ ಆಗುವುದಿಲ್ಲ.

ಮತ್ತಿನಲ್ಲಿ ಅಪಾಯವೇ ಇಲ್ಲವೇ? ಇದೆ, ಸುಳ್ಳು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ನಾಯಿಗಳ ಪೈಕಿ ಸತ್ತದ್ದು ಸುಮಾರು 2000ಕ್ಕೆ ಒಂದು. ಕಾಯಿಲೆ ಬಿದ್ದ ನಾಯಿಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಹೃದಯ ಪರೀಕ್ಷಿಸಿ, ಬೇಕಿದ್ದರೆ ರಕ್ತ ಪರೀಕ್ಷೆ ಮಾಡಿ ಆಮೇಲೆ ಇಂಜೆಕ್ಷನ್ ಕೊಡುವುದು ಅದಕ್ಕೇ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಡೆಕ್ಸ್‌ಮೆಡೆಟೊಮಿಡಿನ್‌ನಂಥ ಮತ್ತಿನ ಮದ್ದಿಗೆ ಅಟಿಪಮೆಜೋಲ್ ಎಂಬ ಎದುರುಮದ್ದೂ ಇದೆ. ಕೊಟ್ಟ ಸ್ವಲ್ಪ ಹೊತ್ತಿಗೆ ನಾಯಿ ತಲೆ ಎತ್ತುತ್ತದೆ.

ಹಿಡಿದುಕೊಳ್ಳುವವರ ಕಥೆ ಯಾರೂ ಕೇಳುವುದಿಲ್ಲ. ಬೇರೆ ಕಡೆ ತೆಗೆಸಿದ ಒಂದು ಫಿಲ್ಮ್ ನನ್ನ ಹತ್ತಿರ ಬಂದಿತ್ತು. ನಾಯಿಯ ಮಂಡಿಯ ಪಕ್ಕದಲ್ಲಿ ಮನುಷ್ಯರ ಮೂರು ಬೆರಳಿನ ಮೂಳೆ, ಒಂದರ ಮೇಲೆ ಉಂಗುರದ ಬಿಳಿ ಗೆರೆ. ಯಜಮಾನರದೇ ಕೈ. ಕಿರಣ ನೇರವಾಗಿ ಬೀಳುವ ಜಾಗದಲ್ಲಿ ಇತ್ತು! ಸೀಸದ ಏಪ್ರನ್ ಹಾಕಿದ್ದೆ ಅಂದರು. ಏಪ್ರನ್ ತಡೆಯುವುದು ನಾಯಿಯ ಮೈಯಿಂದ ಚದುರಿ ಬರುವ ಕಿರಣವನ್ನು. ನೇರ ಕಿರಣಕ್ಕೆ ಒಡ್ಡಿದ ಕೈಗೆ ಅದರಿಂದ ಏನೂ ಉಪಯೋಗವಿಲ್ಲ. ದೂರ ಎರಡರಷ್ಟಾದರೆ ಕಿರಣದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಮತ್ತಿನಲ್ಲಿರುವ ನಾಯಿಯನ್ನು ಮರಳುಚೀಲ, ಪಟ್ಟಿಗಳಿಂದ ನಿಲ್ಲಿಸಿ ಎಲ್ಲರೂ ಹೊರಗೆ ಬರಬಹುದು. ಎಷ್ಟು ಕಿರಣ ತಾಗಿತೆಂದು ಲೆಕ್ಕ ಇಡಲು ನಮ್ಮ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ನಿಮಗೆ ಆ ಲೆಕ್ಕ ಇಡುವವರಾರು? ಗರ್ಭಿಣಿಯರು, ಮಕ್ಕಳು ಆ ಕೋಣೆಗೆ ಕಾಲಿಡಲೇಬಾರದು.

ವಯಸ್ಸಿನ ಬಗ್ಗೆ ಚುಟುಕಾಗಿ: ಪೆನ್‌ಹಿಪ್ 16 ವಾರಕ್ಕೇ ಆಗುತ್ತದೆ, ಓಎಫ್‌ಎ ಅಂತಿಮ ಪ್ರಮಾಣಪತ್ರಕ್ಕೆ 24 ತಿಂಗಳು ತುಂಬಿರಬೇಕು. ನಿಮ್ಮವನಿಗೆ ಈಗಲೇ ಲಕ್ಷಣ ಇರುವುದರಿಂದ ಕಾಯುವ ಮಾತೇ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಮರಿ ತಂದಾಗ ಬೇಕಾಗುತ್ತದೆ. ದೊಡ್ಡ ತಳಿಯ ಮರಿ ಮನೆಗೆ ಬಂದ ದಿನವೇ ‘ಮೂಳೆ ಗಟ್ಟಿಯಾಗಲಿ’ ಎಂದು ಕ್ಯಾಲ್ಸಿಯಂ ಸಿರಪ್ ತರುತ್ತೀರಲ್ಲ, ದಯವಿಟ್ಟು ನಿಲ್ಲಿಸಿ. ದೊಡ್ಡ ತಳಿಗೆಂದೇ ಮಾಡಿದ ಪಪ್ಪಿ ಫುಡ್‌ನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ. ಹೆಚ್ಚಾದರೆ ಮೂಳೆಯ ಬೆಳವಣಿಗೆಯೇ ಕೆಡುತ್ತದೆ. ಮರಿ ದುಂಡದುಂಡಗಿರಲಿ ಎಂಬ ಆಸೆಯೂ ಬೇಡ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಹಾಕಿ ಸಾಯುವವರೆಗೂ ಗಮನಿಸಿದರು. ಕಡಿಮೆ ತಿಂದವುಗಳಲ್ಲಿ ಸೊಂಟದ ತೊಂದರೆ ಬಹಳ ಕಡಿಮೆ ಇತ್ತು, ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಮರಿಯ ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ನಾಳೆಯಿಂದಲೇ ಊಟದ ಅಳತೆ ಇಳಿಸಿ.