‘ರಾಷ್ಟ್ರೀಯ’ ಅಂತ ಬೋರ್ಡಿದ್ದರೆ ದೆಹಲಿಯ ಕಾಡಲ್ಲ

ಮೊನ್ನೆ ಬಂಡೀಪುರದ ಅಂಚಿನ ಊರಿನ ಹಿರಿಯರೊಬ್ಬರು ಕಚೇರಿಗೆ ಬಂದಿದ್ದರು. ಗೊಬ್ಬರದ ಚೀಲದಲ್ಲಿ ಸುತ್ತಿ ತಂದ ಕಟ್ಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಹನ್ನೊಂದು ಅಂಚೆ ರಸೀದಿ, ಹನ್ನೊಂದೂ ದೆಹಲಿಗೆ. ಆನೆ ತುಳಿದ ಅರಿಸಿನದ ಹೊಲದ ಫೋಟೊ ಮಾತ್ರ ಒಂದೇ, ಅದೂ ಮಸುಕು. ರೇಂಜ್ ಆಫೀಸಿಗೆ ಹೋಗಿದ್ರಾ ಅಂದೆ.

“ಅದು ನ್ಯಾಷನಲ್ ಪಾರ್ಕು ಅಲ್ವಾ ಸಾ, ಇಲ್ಲಿಯೋರ ಕೈಲಿ ಏನದ?”

ರೇಂಜ್ ಆಫೀಸು ಅವರ ಹೊಲದಿಂದ ಮೂರು ಕಿಲೋಮೀಟರ್.

ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಓದಿದವರ ಬಾಯಲ್ಲೂ. ಆದ್ದರಿಂದ ಬಿಡಿಸಿ ಹೇಳುತ್ತೇನೆ. 1972ರ ವನ್ಯಜೀವಿ ಕಾಯ್ದೆಯ 35ನೇ ಕಲಮಿನ ಪ್ರಕಾರ ರಾಷ್ಟ್ರೀಯ ಉದ್ಯಾನವನ್ನು ಘೋಷಿಸುವುದು ರಾಜ್ಯ ಸರ್ಕಾರ. ನಡೆಸುವುದೂ ಅದೇ. ಗಾರ್ಡು, ವಾಚರು, ರೇಂಜರು ಎಲ್ಲರೂ ರಾಜ್ಯದ ಅರಣ್ಯ ಇಲಾಖೆಯವರು. ಮೇಲಿನ ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಅಧಿಕಾರಿಯನ್ನು ಆರಿಸುವುದು ಕೇಂದ್ರವಾದರೂ ಅವರು ಕೆಲಸ ಮಾಡುವುದು ಕರ್ನಾಟಕ ಕೇಡರ್‌ನಲ್ಲಿ. ಮನುಷ್ಯರ ಮೇಲೆ ಬೀಳುವ ಹುಲಿಯನ್ನು ಹಿಡಿಯಲು ಅಪ್ಪಣೆ ಕೊಡಬೇಕಾದವರು ಬೆಂಗಳೂರಿನ ಅರಣ್ಯ ಭವನದಲ್ಲಿ ಕೂರುವ ಮುಖ್ಯ ವನ್ಯಜೀವಿ ಪರಿಪಾಲಕರು. ಬೆಳೆ ಪರಿಹಾರಕ್ಕೆ ಮೊದಲ ಬಾಗಿಲು ರೇಂಜರದ್ದೇ.

ಹಾಗಾದರೆ ದೆಹಲಿಯ ಕೈಯಲ್ಲಿರುವುದೇನು? ಮುಖ್ಯವಾಗಿ ಬ್ರೇಕು. 1976ರ 42ನೇ ತಿದ್ದುಪಡಿ ಅರಣ್ಯ ಮತ್ತು ವನ್ಯಜೀವಿ ರಕ್ಷಣೆಯನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ ತಂದಿತು. ಈಗ ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ಉದ್ಯಾನದ ಗಡಿ ಕದಲಿಸುವಂತಿಲ್ಲ. ಹುಲಿ ಯೋಜನೆಯ ಹಣದಲ್ಲಿ ಕೇಂದ್ರದ ಪಾಲೂ ಇದೆ. ದುಡ್ಡು ಕೊಟ್ಟವರೇ ಯಜಮಾನರೆಂದು ಜನ ತಿಳಿಯುವುದು ಸಹಜ.

ತಮಾಷೆಯೆಂದರೆ, ದೆಹಲಿಯ ಬರಹ ನೇರವಾಗಿ ತಟ್ಟುವುದು ಕಾಡಿನ ಹೊರಗೆ, ನಿಮ್ಮ ಪಹಣಿಯಲ್ಲಿರುವ ಜಮೀನಿಗೆ. ಪರಿಸರ ಸೂಕ್ಷ್ಮ ವಲಯದ, ಅಂದರೆ ಉದ್ಯಾನದ ಸುತ್ತ ಕಟ್ಟಡ, ಕೈಗಾರಿಕೆಗಳಿಗೆ ಕಡಿವಾಣವಿರುವ ಪ್ರದೇಶದ ಅಧಿಸೂಚನೆ ಹೊರಡುವುದು 1986ರ ಪರಿಸರ ಕಾಯ್ದೆಯಡಿ, ಕೇಂದ್ರದಿಂದ. ಬಂಡೀಪುರದ್ದು 2012ರಲ್ಲಿ ಬಂತು. ತೋಟದಲ್ಲಿ ನಾಲ್ಕು ಕಾಟೇಜು ಕಟ್ಟಿಸೋಣವೆಂದು ಬರುವವರು ಮಾತ್ರ ಪಂಚಾಯ್ತಿ ಲೈಸೆನ್ಸು ಸಾಕೆನ್ನುತ್ತಾರೆ! ಅವರಿಗೆ ದೆಹಲಿ ನೆನಪಾಗುವುದೇ ಇಲ್ಲ. ಸರ್ವೆ ನಂಬರು ನೋಡದೆ ನಾನು ಹೌದು, ಅಲ್ಲ ಎನ್ನಲಾರೆ; ಅಧಿಸೂಚನೆಯನ್ನಂತೂ ಒಮ್ಮೆ ಓದಿಸಿಕೊಂಡೇ ಕಲ್ಲು ಇಳಿಸಿ.

ಹೆಸರು ನಂಬುವವರಿಗೆ ನಾನು ತೋರಿಸುವುದು ಬಂಡೀಪುರದ ರಸ್ತೆಯನ್ನೇ. ಅದೂ ರಾಷ್ಟ್ರೀಯ ಹೆದ್ದಾರಿ, ಆಗ 212, ಈಗ 766. 2009ರಲ್ಲಿ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಲ್ಲಿಸಿದ್ದು ಚಾಮರಾಜನಗರದ ಜಿಲ್ಲಾಧಿಕಾರಿಯ ಆದೇಶ. 2010ರಲ್ಲಿ ನಮ್ಮ ಹೈಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಉದ್ಯಾನದೊಳಗಿನ ರಾಷ್ಟ್ರೀಯ ಹೆದ್ದಾರಿಗೆ ಗೇಟು ಹಾಕಿದ್ದು ಜಿಲ್ಲಾ ಕಚೇರಿಯ ಸಹಿ.

ಹಿರಿಯರಿಗೆ ಇದಿಷ್ಟನ್ನೂ ಹೇಳಿ, ಅರ್ಜಿ ಬರೆಸಿ, ಪಹಣಿ ಲಗತ್ತಿಸಿ ರೇಂಜ್ ಆಫೀಸಿಗೆ ಕಳಿಸಿದೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ, ಮಹಜರಿಗೆ ಬರುವವರೆಗೆ ತುಳಿದ ಗಿಡ ಕೀಳಬೇಡಿ, ಮಳೆ ಬಂದರೆ ಹೆಜ್ಜೆ ಗುರುತು ಉಳಿಯದು, ಇವತ್ತೇ ಹತ್ತಿರದಿಂದ ನಾಲ್ಕು ಫೋಟೊ ತೆಗೆಸಿ ಅಂದೆ. ತಲೆಯಾಡಿಸಿದರು. ಚೀಲ ಸುತ್ತುತ್ತಾ ಬಾಗಿಲವರೆಗೆ ಹೋದವರು ತಿರುಗಿ ನಿಂತು, “ಆದ್ರೂ ಡೆಲ್ಲಿಗೊಂದು ಕಾಪಿ ಹಾಕ್ಬುಡನಾ ಸಾ?” ಅಂದರು.

ಹಾಕಿ ಅಂದೆ. ಮೂಲಪ್ರತಿ ಮಾತ್ರ ರೇಂಜರಿಗೆ.