ಡೈನೋ ಆಟದಲ್ಲಿ 500 ದಾಟಲು ಕೈ ಚುರುಕಾಗಿರಬೇಕೇ?

ಪ್ರಶ್ನೆ: ಕ್ರೋಮ್ ಬ್ರೌಸರಿನ ಡೈನೋ ಆಟದಲ್ಲಿ (ಇಂಟರ್ನೆಟ್ ಇಲ್ಲದಾಗ ಬರುವ, ಕಳ್ಳಿಗಿಡಗಳನ್ನು ಹಾರುತ್ತ ಓಡುವ ಡೈನೋಸಾರ್ ಆಟ) ಎಷ್ಟು ಆಡಿದರೂ 500ರ ಆಸುಪಾಸಿನಲ್ಲೇ ಔಟ್ ಆಗುತ್ತೇನೆ. ನನ್ನ ರಿಫ್ಲೆಕ್ಸ್ ನಿಧಾನ. ಅದನ್ನು ಚುರುಕು ಮಾಡಿಕೊಳ್ಳುವುದು ಹೇಗೆ?

ಎಷ್ಟು ಸಲ ಹೇಳಿದರೂ ‘ನನ್ನ ಕೈ ನಿಧಾನ’ ಎಂಬ ಮಾತು ಮಾತ್ರ ನಿಲ್ಲುತ್ತಿಲ್ಲ. ಹಾಗಾಗಿ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಕಂಪ್ಯೂಟರಿನಲ್ಲಿ ಆಟದ ಅಂಗಳ 600 ಪಿಕ್ಸೆಲ್ (ಪರದೆಯ ಚುಕ್ಕಿ) ಅಗಲ. ಡೈನೋ ಮೂತಿಯಿಂದ ಬಲತುದಿಗೆ ಸುಮಾರು 500 ಪಿಕ್ಸೆಲ್. ಶುರುವಿನ ವೇಗ ಫ್ರೇಮಿಗೆ (ಪರದೆಯ ಚಿತ್ರ ಒಮ್ಮೆ ಬದಲಾಗುವುದಕ್ಕೆ) 6 ಪಿಕ್ಸೆಲ್, ಸೆಕೆಂಡಿಗೆ 60 ಫ್ರೇಮ್. ಅಂದರೆ ತುದಿಯಲ್ಲಿ ಕಂಡ ಕಳ್ಳಿ ನಿಮ್ಮ ಹತ್ತಿರ ಬರಲು ಸುಮಾರು 1.4 ಸೆಕೆಂಡ್ ಹಿಡಿಯುತ್ತದೆ. ಗರಿಷ್ಠ ವೇಗ 13. ಆಗ ನೆಗೆಯಲು 150 ಪಿಕ್ಸೆಲ್ ಬಿಟ್ಟುಕೊಟ್ಟರೂ ನೋಡಿ ನಿರ್ಧರಿಸಲು 0.45 ಸೆಕೆಂಡ್ ಉಳಿಯುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಆಡಲು ಯಾರಿಗಾದರೂ ಹೆಚ್ಚುಕಡಿಮೆ ಕಾಲು ಸೆಕೆಂಡ್ ಸಾಕು. ಇಲ್ಲಿ ಕೈ ನಿಧಾನ ಎಂಬ ಮಾತು ಎಲ್ಲಿ ಬಂತು?

‘ಆದರೆ ವೇಗ ಏರುತ್ತಲೇ ಹೋಗುತ್ತದಲ್ಲ?’ ಹೋಗುವುದಿಲ್ಲ. ಫ್ರೇಮಿಗೆ 0.001ರಂತೆ ಏರಿ, ಸುಮಾರು 7000 ಫ್ರೇಮಿಗೆ, ಅಂದರೆ ಎರಡು ನಿಮಿಷದೊಳಗೆ, 13 ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಸ್ಕೋರ್ ಆಗ 1650ರ ಹತ್ತಿರ ಇರುತ್ತದೆ. ಅಲ್ಲಿಂದ ಮುಂದೆ ಎಷ್ಟು ಸಾವಿರ ಓಡಿದರೂ ಅದೇ ವೇಗ.

ಹಾಗಾದರೆ 500ರಲ್ಲೇ ಏಕೆ ಬೀಳುತ್ತೀರಿ? ವೇಗ 8.5 ಆದಮೇಲೆ ಹಕ್ಕಿಗಳು ಬರಲು ಶುರು, ಅದು ಸುಮಾರು 450ರ ಸ್ಕೋರ್. ಅಲ್ಲಿಯವರೆಗೆ ಕಂಡದ್ದನ್ನೆಲ್ಲ ಹಾರಿ ರೂಢಿಯಾದ ಬೆರಳು ಹಕ್ಕಿಗೂ ಹಾರಿಬಿಡುತ್ತದೆ. ಹಕ್ಕಿ ಮೂರು ಎತ್ತರದಲ್ಲಿ ಬರುತ್ತದೆ. ನೆಲಮಟ್ಟದ್ದನ್ನು ಹಾರಬೇಕು. ನಡುವಿನದಕ್ಕೆ ಕೆಳಬಾಣದ ಕೀ ಒತ್ತಿ ಬಗ್ಗಬೇಕು. ಮೇಲಿನದಕ್ಕೆ ಏನೂ ಮಾಡಬಾರದು, ಸುಮ್ಮನೆ ಓಡಿದರೆ ತಲೆಯ ಮೇಲಿಂದ ಹೋಗುತ್ತದೆ. ಎಷ್ಟೋ ಜನ ಸಾಯುವುದು ಈ ಕೊನೆಯದಕ್ಕೆ ಹಾರಿಯೇ. ಜೊತೆಗೆ ಹಕ್ಕಿಯ ವೇಗ ನೆಲದ ವೇಗಕ್ಕಿಂತ ಚೂರು ಹೆಚ್ಚೋ ಕಡಿಮೆಯೋ ಇರುತ್ತದೆ, ಕಳ್ಳಿಯ ತಾಳಕ್ಕೆ ಹಾರಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಅಭ್ಯಾಸ. ಕಣ್ಣು ಡೈನೋ ಮೇಲೆ ಇಡಬೇಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಬಲಗಡೆಯ ಮೂರನೇ ಒಂದು ಭಾಗವನ್ನು ನೋಡುತ್ತಿರಿ. ಆಮೇಲೆ ಇಳಿಯುವುದನ್ನು ಕಲಿಯಿರಿ, ಆಟದ ಜೀವ ಇರುವುದು ಅಲ್ಲೇ. ಸ್ಪೇಸ್‌ಬಾರ್ ಹಿಡಿದೇ ಇದ್ದರೆ ಪೂರ್ತಿ ನೆಗೆತ, ಸುಮಾರು 0.55 ಸೆಕೆಂಡ್ ಗಾಳಿಯಲ್ಲಿ. ತಟ್ಟಿ ಬಿಟ್ಟರೆ ಕುಳ್ಳ ನೆಗೆತ, 0.4ರಷ್ಟು. ಗರಿಷ್ಠ ವೇಗದಲ್ಲಿ ಪೂರ್ತಿ ನೆಗೆತ 400 ಪಿಕ್ಸೆಲಿಗೂ ಉದ್ದ. ಎರಡು ಕಳ್ಳಿಗಳ ನಡುವಿನ ಅಂತರ ಕೆಲವೊಮ್ಮೆ 300 ಪಿಕ್ಸೆಲ್ ಕೂಡ ಇರುವುದಿಲ್ಲ. ಕೊನೇ ಕ್ಷಣದಲ್ಲಿ ಹಾರಿದವರು ಮುಂದಿನ ಕಳ್ಳಿಯ ಮೇಲೇ ಇಳಿಯುತ್ತಾರೆ. ಆದ್ದರಿಂದ ಕೊಂಚ ಮುಂಚೆಯೇ ಹಾರಿ, ಕಳ್ಳಿ ಕಾಲ ಕೆಳಗೆ ದಾಟಿದೊಡನೆ ಕೆಳಬಾಣ ಒತ್ತಿ. ಡೈನೋ ಮೂರು ಪಟ್ಟು ರಭಸದಿಂದ ನೆಲಕ್ಕೆ ಬೀಳುತ್ತದೆ. ಬಿದ್ದ ತಕ್ಷಣ ಕೀ ಬಿಡಿ. ಬಿಡದಿದ್ದರೆ ಅದು ಬಗ್ಗಿಯೇ ಇರುತ್ತದೆ, ಬಗ್ಗಿದ ಡೈನೋ ಸ್ಪೇಸ್‌ಬಾರ್ ಎಷ್ಟು ಕುಟ್ಟಿದರೂ ಹಾರುವುದಿಲ್ಲ. ‘ಕೀಬೋರ್ಡ್ ಕೈಕೊಟ್ಟಿತು’ ಎನ್ನುವ ದೂರುಗಳಲ್ಲಿ ಬಹುಪಾಲು ಇದೇ! ಎಡಗೈ ಸ್ಪೇಸ್‌ಬಾರ್ ಮೇಲೆ, ಬಲಗೈ ಬಾಣದ ಮೇಲೆ ಇರಲಿ. ಒಂದೇ ಕೈಯಲ್ಲಿ ಎರಡನ್ನೂ ಆಡಿದರೆ ಬಿಡುವುದು ತಡವಾಗುತ್ತದೆ.

700 ಅಂಕಕ್ಕೊಮ್ಮೆ ಪರದೆ ಕಪ್ಪಾಗುವುದಕ್ಕೆ ಹೆದರಬೇಡಿ, ಬದಲಾಗುವುದು ಬಣ್ಣ ಮಾತ್ರ.

ಫೋನಿನಲ್ಲಿ ಆಡಿ ಪಳಗಿದರೆ ಸಾಕಲ್ಲವೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಾಲದು. ಫೋನಿನಲ್ಲಿ ಪರದೆ ಕಿರಿದು, ಅದಕ್ಕೆ ತಕ್ಕಂತೆ ಆಟ ತನ್ನ ಶುರುವಿನ ವೇಗವನ್ನೇ ಇಳಿಸಿಕೊಳ್ಳುತ್ತದೆ. ಬಗ್ಗಲು ಕೀ ಇಲ್ಲದ ಕಾರಣ ನಡು ಎತ್ತರದ ಹಕ್ಕಿಯನ್ನೂ ಕಳಿಸುವುದಿಲ್ಲ. ಬೆರಳು ತಟ್ಟಿದರೆ ನೆಗೆತ, ಅಷ್ಟೇ. ಅಲ್ಲಿ ಸಾವಿರ ದಾಟಿದವರು ಕಂಪ್ಯೂಟರಿಗೆ ಬಂದು ಮೊದಲ ನಡುಹಕ್ಕಿಗೇ ಬೀಳುವುದು ಅದಕ್ಕೇ.